ಬೆರಳಿಗಂಟದ ಪುಡಿ

ರಾಜಾಜಿನಗರ,
ಮಂಗಳವಾರ

ಅಪ್ಪಾಜಿಗೆ ಅನಘಾಳ ನಮಸ್ಕಾರ.

ಫೋನಿನಲ್ಲಾದರೆ ಮಧ್ಯದಲ್ಲೇ ಬೈದುಬಿಡುತ್ತೀರಿ, ಅದಕ್ಕೇ ಈ ಪತ್ರ. ನಮ್ಮ ರಂಗೋಲಿ ಪುಡಿ ಕಾರ್ಖಾನೆಗೆ ನೀವು ಹೇಳಿದ್ದ, ಗುಂಡು ಉರುಳಿಸಿ ಅರೆಯುವ ಬಾಲ್ ಮಿಲ್ ಬಿಟ್ಟು ಸುತ್ತಿಗೆಯಲ್ಲಿ ಕುಟ್ಟುವ ಹ್ಯಾಮರ್ ಮಿಲ್ ಆರಿಸಿದ್ದೇನೆ.

ಎರಡರಲ್ಲೂ ನಮ್ಮ ಕಲ್ಲನ್ನೇ ಪುಡಿ ಮಾಡಿಸಿ, ತಂದು ಅಮ್ಮನ ಕೈಗೆ ಕೊಟ್ಟೆ. ಬಾಲ್ ಮಿಲ್ಲಿನದು ನಿಮಗೆ ಇಷ್ಟವಾಗುವ ಹಾಗೆ, ಮುಖಕ್ಕೆ ಹಚ್ಚುವ ಪೌಡರಿನಷ್ಟು ನಯ. ಅದು ಅಮ್ಮನ ಬೆರಳಿಗೇ ಅಂಟಿಕೊಂಡಿತು. ಹ್ಯಾಮರ್ ಮಿಲ್ಲಿನದು ಕೊಂಚ ತರಿ. ಬಾಗಿಲಿನಿಂದ ಗೇಟಿನವರೆಗೆ ಎಳೆದ ಗೆರೆ ಎಲ್ಲೂ ತುಂಡಾಗಲಿಲ್ಲ.

“ಇಷ್ಟು ವರ್ಷ ನಮ್ಮ ನುಣ್ಣನೆ ಪುಡೀಲಿ ಹೆಂಗಮ್ಮ ರಂಗೋಲಿ ಹಾಕ್ತಿದ್ದೆ?” ಎಂದು ಕೇಳಿದೆ.

“ಮರಳು ಬೆರೆಸ್ಕೊಂಡು ಕಣೇ. ನಿಮ್ಮಪ್ಪಂಗೆ ಹೇಳ್ಬೇಡ, ನೊಂದ್ಕೋತಾರೆ,” ಎಂದಳು.

ನಾನು ಹೇಳಿಬಿಟ್ಟಿದ್ದೇನೆ. ನಿಮಗೆ ಗೊತ್ತಾಯಿತೆಂದು ತೋರಿಸಿಕೊಳ್ಳಬೇಡಿ. ಮೊಣಕಾಲು ನೋವು ಕಡಿಮೆಯಾಗಿದ್ದರೆ ಶುಕ್ರವಾರದ ಪೂಜೆಗೆ ಅಕ್ಕನನ್ನು ಕರೆದುಕೊಂಡು ತುಮಕೂರಿನಿಂದ ಬೇಗ ಹೊರಡಿ. ಹೊಸ ಮಿಲ್ಲಿನ ಸ್ವಿಚ್ ನೀವೇ ಒತ್ತಬೇಕು. ಅದರ ಮುಂದೆ ರಂಗೋಲಿ ಹಾಕುವುದು ಅಮ್ಮ.

ಮರಳಿನ ಡಬ್ಬವನ್ನು ಇವತ್ತು ಬೆಳಿಗ್ಗೆಯೇ ತೊಳೆದು, ಕಾಂಪೌಂಡ್ ಗೋಡೆಯ ಮೇಲೆ ಬೋರಲು ಹಾಕಿದ್ದಾಳೆ.

ನಿಮ್ಮ ಮಗಳು,
ಅನಘಾ