ಇಪ್ಪತ್ತೇಳನೇ ಹಸ್ತಪ್ರತಿ

ಜೂನ್ ೩, ಬೆಳಿಗ್ಗೆ ೧೧

ನಾಲ್ಕು ಹಸ್ತಪ್ರತಿ ಓದಿ ಮುಗಿಸಿದೆ. ಒಂದರಲ್ಲಿ ನಾಯಕ ಮೂರು ಸಲ ಸಾಯುತ್ತಾನೆ, ಮೂರೂ ಸಲ ಭಾಷಣ ಮಾಡಿ. ಇನ್ನೊಂದರಲ್ಲಿ ಮರ ಮಾತಾಡುತ್ತದೆ. ಮಾತಾಡಲಿ, ಆದರೆ ಅಷ್ಟೊಂದಾ?

ತಿಂಗಳ ಕೊನೆಗೆ ಶಿಫಾರಸು ಪಟ್ಟಿ ಹೋಗಬೇಕು. ಅರವತ್ತು ತಂಡಗಳು, ಕಾಲೇಜುಗಳು ಈ ಪಟ್ಟಿ ನೋಡಿಯೇ ವರ್ಷದ ನಾಟಕ ಆರಿಸುವುದು. ಹೊಸ ನಾಟಕ, ಏಕವ್ಯಕ್ತಿ, ಏನೇ ಬಂದರೂ ರಂಗಮಂದಿರದ ಪರವಾಗಿ ಹಂಚಿಕೊಂಡು ಓದುವವರು ಇಬ್ಬರೇ — ನಾನು, ಮತ್ತು ರಿಟೈರಾದ ಮೇಷ್ಟ್ರು. ಬರೆದವರು ಯಾರೆಂದು ನಮಗೆ ತಿಳಿಯಬಾರದು. ಗುಮಾಸ್ತರು ಹೆಸರಿನ ಹಾಳೆ ಕಿತ್ತು ನಂಬರ್ ಹಾಕಿ ಕೊಡುತ್ತಾರೆ.

ಮಧ್ಯಾಹ್ನ ೩

ನಂಬರ್ ಇಪ್ಪತ್ತೇಳು. ಹದಿನಾಲ್ಕು ಪುಟ. ಟೀ ತಣ್ಣಗಾದದ್ದು ಗೊತ್ತಾಗಲಿಲ್ಲ.

ಹಲ್ಲಿನ ಕ್ಲಿನಿಕ್ಕಿನ ರಿಸೆಪ್ಷನಿಸ್ಟ್ ಒಬ್ಬಳೇ ಮಾತಾಡುವ ಏಕವ್ಯಕ್ತಿ. ಬೆಳಗಿನಿಂದ ಪೇಷಂಟುಗಳಿಗೆ ಫೋನ್ ಮಾಡಿ ಟೈಮು ನೆನಪಿಸುತ್ತಾಳೆ. ಒಬ್ಬರ ಹೆಂಡತಿ ಫೋನ್ ಎತ್ತಿ, 'ಅವರು ಹೋಗಿ ಒಂಬತ್ತು ದಿನ ಆಯ್ತಮ್ಮ. ಆ ಅರ್ಧ ಗಂಟೆ ನಂಗೆ ಕೊಡ್ತೀಯಾ?' ಎನ್ನುತ್ತಾರೆ. ಬರುತ್ತಾರೆ. ಗಂಡ ಕೂರಬೇಕಿದ್ದ ಕುರ್ಚಿಯಲ್ಲಿ ಅರ್ಧ ಗಂಟೆ ಮಲಗಿ ದೀಪ ನೋಡುತ್ತಾರೆ. ಹೋಗುತ್ತಾರೆ. ಇವಳು ಪುಸ್ತಕದಲ್ಲಿ ಗಂಡನ ಹೆಸರಿನ ಮುಂದೆ 'ಬಂದಿದ್ದರು' ಎಂದು ಬರೆಯುತ್ತಾಳೆ. ಅಷ್ಟೇ. ಪರದೆ.

ಹತ್ತು ವರ್ಷ ಆಯಿತು ಈ ಕುರ್ಚಿಯಲ್ಲಿ ಕೂತು. ಇಂಥದ್ದು ಬಂದಿರಲಿಲ್ಲ.

ಜೂನ್ ೪

ಟಿಪ್ಪಣಿ ಬರೆದೆ. 'ಮೊದಲ ಸ್ಥಾನ. ಒಂದು ಅಕ್ಷರವನ್ನೂ ಮುಟ್ಟಬೇಡಿ.' ನಿರ್ದೇಶಕರು ಓದಿ ಹುಬ್ಬೇರಿಸಿದರು. "ಏನ್ ಮೇಡಂ, ಮೊಸರಲ್ಲಿ ಕಲ್ಲು ಹುಡುಕೋರು ನೀವು. ನಿಮ್ಮ ಕೈಯಿಂದ ಇದು ಬಂತಾ?"

ನನಗೂ ಖುಷಿ. ಯಾರೋ ಗೊತ್ತಿಲ್ಲದವರು ಬರೆದದ್ದು. ಗೊತ್ತಿಲ್ಲದವರನ್ನು ಹೊಗಳುವುದು ಎಷ್ಟು ಸುಲಭ.

ಮನೆಗೆ ಬಂದು ನನ್ನ ಮೂರಂಕದ ನಾಟಕ ತೆಗೆದೆ. ಹನ್ನೊಂದನೇ ಸಲ ತಿದ್ದುತ್ತಿದ್ದೇನೆ. ಎರಡು ಸಾಲು ಹೊಡೆದೆ. ಅದೇ ಎರಡು ಸಾಲು ಮತ್ತೆ ಬರೆದೆ.

ಜೂನ್ ೧೧

ದವಡೆ ಹಲ್ಲು ನೋಯುತ್ತಿತ್ತು. ತಂಗಿ ಕೆಲಸ ಮಾಡುವ ಕ್ಲಿನಿಕ್ಕಿಗೆ ಹೋದೆ. ಅವಳು ಫೋನಿನಲ್ಲಿದ್ದಳು. ಕೈಸನ್ನೆಯಲ್ಲೇ ಕೂರು ಎಂದಳು. ಆಮೇಲೆ ಫೋನಿಗೆ—

"ಹತ್ತೂವರೆ ಅಂದ್ರೆ ಹತ್ತೂವರೆ ಅಜ್ಜ. ಹಲ್ಲಿನ ಸೆಟ್ ಮರೆತು ಬಂದ್ರೂ ಪರ್ವಾಗಿಲ್ಲ, ಟೈಮ್ ಮರೀಬೇಡಿ."

ಇಪ್ಪತ್ತೇಳರ ಎರಡನೇ ಪುಟ. ಮೇಲಿನಿಂದ ಆರನೇ ಸಾಲು. ಅಕ್ಷರಕ್ಕೆ ಅಕ್ಷರ.

ಡಾಕ್ಟರು ಬಾಯಿ ತೆಗೆಯಿರಿ ಎಂದರು. ಅದು ಆಗಲೇ ತೆರೆದೇ ಇತ್ತು.

ಜೂನ್ ೧೨

ಅವಳೇ. ಅನುಮಾನವೇ ಇಲ್ಲ. ಪೇಪರಿನಲ್ಲಿ ರಾಶಿಫಲ ಬಿಟ್ಟು ಬೇರೇನೂ ಓದದವಳು. ನನ್ನ ನಾಟಕದ ವಾಚನಕ್ಕೆ ಬಂದು ಎರಡನೇ ಅಂಕಕ್ಕೆ ಗೊರಕೆ ಹೊಡೆದವಳು. ರಂಗದ ಮೇಲೆ ಎಡ ಯಾವುದು ಬಲ ಯಾವುದು ಗೊತ್ತಿಲ್ಲ. ಸಣ್ಣವಳಿದ್ದಾಗ ನಾನು ಬರೆದದ್ದಕ್ಕೆಲ್ಲ ಇವಳೇ ಪ್ರೇಕ್ಷಕಿ. ಅಲ್ಲಿಯೇ ಇರಬೇಕಿತ್ತು.

ನಾನು ಇಪ್ಪತ್ತು ವರ್ಷ ತಲೆ ಕೆರೆದುಕೊಂಡೆ. ಇವಳು ಫೋನ್ ಇಟ್ಟು, ಪೆನ್ನು ಎತ್ತಿಕೊಂಡು, ಬರೆದುಬಿಟ್ಟಳು.

ಹೊಟ್ಟೆಕಿಚ್ಚು ಎಂಬುದು ಬರೀ ಮಾತು ಎಂದುಕೊಂಡಿದ್ದೆ. ಅಲ್ಲ. ನಿಜವಾಗಿ ಹೊಟ್ಟೆಯಲ್ಲೇ ಉರಿಯುತ್ತದೆ.

ಜೂನ್ ೧೫, ಮಧ್ಯಾಹ್ನ

ಟಿಪ್ಪಣಿ ಬದಲಾಯಿಸಿದೆ. 'ಎರಡನೇ ಓದಿಗೆ ತೆಳುವೆನಿಸಿತು. ಅಂತ್ಯ ಅಪಕ್ವ. ಲೇಖಕರು ಇನ್ನೂ ಪಳಗಬೇಕು. ಈ ಸಲ ಬೇಡ.'

ನಿರ್ದೇಶಕರು ಕನ್ನಡಕ ತೆಗೆದರು. "ಮೊನ್ನೆ ತಾನೇ ಆಕಾಶಕ್ಕೆ ಏರಿಸಿದ್ರಲ್ಲ?"

"ಆತುರಪಟ್ಟೆ ಸಾರ್."

"ನೀವಾ?"

ಮುಂದೆ ಕೇಳಲಿಲ್ಲ. ನನ್ನ ಮಾತಿಗೆ ಇಲ್ಲಿ ಅಷ್ಟು ಬೆಲೆ. ಮೊದಲ ಟಿಪ್ಪಣಿಯನ್ನು ಹರಿಯಲು ಕೈ ಬರಲಿಲ್ಲ. ಬ್ಯಾಗಿನಲ್ಲಿ ಹಾಕಿಕೊಂಡು ಬಂದೆ.

ಜೂನ್ ೩೦

ಪಟ್ಟಿ ಹೋಯಿತು. ಮಾತಾಡುವ ಮರಕ್ಕೆ ಐದನೇ ಸ್ಥಾನ.

ಜುಲೈ ೫, ಸಂಜೆ

ತಂಗಿ ಬಂದಿದ್ದಳು. ಚಪ್ಪಲಿ ಬಿಡುತ್ತಲೇ, "ಅಕ್ಕ, ಒಂದು ಹೇಳ್ತೀನಿ, ನಗ್ಬಾರ್ದು." ಚೀಲದಿಂದ ನಮ್ಮ ಆಫೀಸಿನ ಕವರು. ಹಸ್ತಪ್ರತಿ, ಜೊತೆಗೆ ತಿರಸ್ಕಾರದ ಪತ್ರ, ನನ್ನದೇ ವಾಕ್ಯಗಳು ಟೈಪಾಗಿ.

"ನೀನು ಅಲ್ಲೇ ಇದೀಯಲ್ಲ, ನಿಂಗೆ ಮುಜುಗರ ಆಗ್ಬಾರ್ದು ಅಂತ ಹೇಳದೇ ಕಳ್ಸಿದ್ದೆ. ಆ ಮೇಷ್ಟ್ರು ಓದಿರ್ಬೇಕು. ಪಳಗಬೇಕಂತೆ. ಸರಿಯಾಗೇ ಹೇಳಿದಾರೆ ಬಿಡು, ನಂಗೇನ್ ಗೊತ್ತು?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಮುಟ್ಟಿಕೊಳ್ಳಲಿಲ್ಲ. ಅಷ್ಟು ಪಳಗಿದ್ದೇನೆ.

"ನೀನೊಂದ್ಸಲ ತಿದ್ದಿ ಕೊಡ್ತೀಯಾ ಅಕ್ಕ? ನೀನ್ ಹೇಳಿದ್ ಹಾಗೇ ಮಾಡ್ತೀನಿ."

ಕೆಂಪು ಪೆನ್ನು ತೆಗೆದುಕೊಂಡೆ.

ಜುಲೈ ೬

ತಿದ್ದಿದೆ. ಹಲ್ಲಿನ ಸೆಟ್ಟಿನ ಸಾಲು — ಅಗ್ಗದ ಹಾಸ್ಯ ಎಂದು ಹೊಡೆದೆ. 'ಬಂದಿದ್ದರು' ಹೊಡೆದೆ. ಆ ಜಾಗದಲ್ಲಿ ಸಾವಿನ ಬಗ್ಗೆ ಒಂದು ಪುಟ ಬರೆದು ಅಂಟಿಸಿದೆ. ಬದುಕೊಂದು ಕಾಯುವ ಕೋಣೆ, ಇತ್ಯಾದಿ. ನನ್ನ ನಾಟಕದ ಮೂರನೇ ಅಂಕದ್ದು.

ಬರೆಯುವಾಗ ಗೊತ್ತಿತ್ತು. ಬರೆಯುತ್ತಲೇ ಇದ್ದೆ.

ಜುಲೈ ೧೯, ಭಾನುವಾರ

ಹೊಸ ಪ್ರತಿ ತಂದಳು. ಕ್ಲಿನಿಕ್ಕಿನ ಊಟದ ಬಿಡುವಿನಲ್ಲಿ ಕೂತು ಪೂರ್ತಿ ಬರೆದಿದ್ದಾಳೆ, ಗುಂಡು ಅಕ್ಷರದಲ್ಲಿ. ನನ್ನ ಕುರ್ಚಿಯ ಎದುರು ನಿಂತು ಓದಿದಳು. ಹನ್ನೆರಡು ಪುಟ ಸಲೀಸಾಗಿ ಹರಿಯಿತು. ನನ್ನ ಪುಟ ಬಂದದ್ದೇ ಎಡವಿದಳು. ಮತ್ತೆ ಓದಿದಳು. ಮುಗಿಸಿ ಮುಖ ಅರಳಿಸಿಕೊಂಡು—

"ಈಗ ನಾಟಕದ ಥರ ಇದೆ, ಅಲ್ವಾ ಅಕ್ಕ?"

"ಹಳೇದೆಲ್ಲಿ?"

"ಹರಿದು ಹಾಕ್ದೆ. ಯಾಕೆ, ಬೇಕಿತ್ತಾ?"

ಒಳ್ಳೆಯತನದಿಂದ ಹೇಳಿದೆನೆಂದು ಬರೆದರೆ ಸುಳ್ಳಾಗುತ್ತದೆ. ಕಿವಿ ತಡೆಯಲಿಲ್ಲ, ಅಷ್ಟೇ. ಒಳ್ಳೆಯದನ್ನು ಗುರುತಿಸುವ ಒಂದೇ ವಿದ್ಯೆ ನನಗೆ ಬರುವುದು. ಅದನ್ನೂ ಕಳೆದುಕೊಂಡರೆ ನನ್ನಲ್ಲಿ ಉಳಿಯುವುದೇನು?

"ಮೇಷ್ಟ್ರು ಓದಿಲ್ಲ ಕಣೇ. ನಾನು ಓದಿದ್ದು."

ಅರ್ಥವಾಗಲಿಲ್ಲ ಅವಳಿಗೆ. ಬ್ಯಾಗಿನಿಂದ ಮೊದಲ ಟಿಪ್ಪಣಿ ತೆಗೆದುಕೊಟ್ಟೆ. ನಿಂತೇ ಓದಿದಳು. ತಾರೀಖು ನೋಡಿದಳು.

"ಆಮೇಲೆ ಏನಾಯ್ತು?"

"ನೀನು ಬರ್ದಿದ್ದು ಅಂತ ಗೊತ್ತಾಯ್ತು."

ಟಿಪ್ಪಣಿಯನ್ನು ನಾಲ್ಕಾಗಿ ಮಡಿಸಿ ಚೀಲಕ್ಕೆ ಹಾಕಿಕೊಂಡಳು. ಹೊಸ ಪ್ರತಿ ಮೇಜಿನ ಮೇಲೇ ಬಿಟ್ಟಳು. ಬಾಗಿಲಲ್ಲಿ ಚಪ್ಪಲಿ ಹುಡುಕುತ್ತ, ನನ್ನ ಕಡೆ ನೋಡದೆ—

"ಬೇರೆ ಯಾರಾದ್ರೂ ಆಗಿದ್ರೆ ಇಷ್ಟ ಆಗ್ತಿತ್ತು ಅನ್ನು."

ಜುಲೈ ೨೦

ನಿರ್ದೇಶಕರಿಗೆ ಎಲ್ಲ ಹೇಳಿದೆ. ಬೈಯಲಿಲ್ಲ, ಬೈದಿದ್ದರೆ ಹಗುರಾಗುತ್ತಿತ್ತು. ಫೈಲಿನಲ್ಲಿ ಇಪ್ಪತ್ತೇಳರ ಆಫೀಸ್ ಪ್ರತಿ ಇತ್ತು. ತಾವೇ ಕೂತು ಓದಿದರು. ಕೊನೆಯ ಪುಟ ಓದಿ ಕಿಟಕಿಯ ಕಡೆ ತಿರುಗಿಕೊಂಡರು.

ಪಟ್ಟಿಗೆ ಪುರವಣಿ ಹೋಗುತ್ತದೆ. ಒಂದೇ ಹೆಸರು. ಮುಂದಿನ ಸುತ್ತಿನಿಂದ ನಾನು ಬರೀ ನಾಟಕ ಓದಬೇಕು, ಏಕವ್ಯಕ್ತಿಯೆಲ್ಲ ಮೇಷ್ಟ್ರಿಗೆ.

ಸೆಪ್ಟೆಂಬರ್ ೨

ತಂಗಿ ಫೋನ್ ಎತ್ತುತ್ತಿಲ್ಲ. ಕ್ಲಿನಿಕ್ಕಿಗೆ ಮಾಡಿದರೆ, "ಯಾವ ಟೈಮ್ ಬೇಕು ಹೇಳಿ" ಎನ್ನುತ್ತಾಳೆ, ಪೇಷಂಟಿಗೆ ಹೇಳಿದ ಹಾಗೆ. ಇವತ್ತು ನಾಲ್ಕಕ್ಕೆ ಬರೆದುಕೋ ಎಂದೆ. ಬರೆದುಕೊಂಡಳು. ಹೋದೆ. ಹಲ್ಲು ಕ್ಲೀನ್ ಮಾಡಿಸಿಕೊಂಡು ಬಂದೆ.

ಅಕ್ಟೋಬರ್ ೧೦

ಇಪ್ಪತ್ತೇಳರ ಪ್ರಯೋಗ ಆಯಿತು. ನಮ್ಮ ಹಿರಿಯ ನಟಿಯೇ ಮಾಡಿದರು. ಹಿಂದಿನ ಸಾಲಿನಲ್ಲಿ, ಕಂಬದ ಪಕ್ಕ ಕೂತಿದ್ದೆ. ಕೊನೆಗೆ ಯಾರೂ ಏಳಲಿಲ್ಲ, ಕೈ ತಟ್ಟಲಿಲ್ಲ. ಆಮೇಲೆ ಒಮ್ಮೆಲೇ ಎಲ್ಲರೂ ಎದ್ದರು. ತಂಗಿಯನ್ನು ವೇದಿಕೆಗೆ ಎಳೆದರು. ಯಾವ ಕಡೆಯಿಂದ ಹತ್ತುವುದೆಂದೂ ಗೊತ್ತಿಲ್ಲ ಅವಳಿಗೆ.

ಅಮ್ಮ ಮುಂದಿನ ಸಾಲಿನಲ್ಲಿ ಅಳುತ್ತಿದ್ದಳು. ನಾನೂ ಅತ್ತೆ. ಇಬ್ಬರದೂ ಬೇರೆ ಬೇರೆ ಕಾರಣ.

ಕಿಚ್ಚು ಆರಿಲ್ಲ. ಆರುತ್ತದೆಂದು ಯಾರು ಹೇಳಿದ್ದು?

ನವೆಂಬರ್ ೩೦, ಮಧ್ಯಾಹ್ನ ೪

ಈ ಸುತ್ತಿಗೆ ಇವತ್ತು ಕೊನೆಯ ದಿನ. ಗುಮಾಸ್ತರು ರಜೆ. ಆಫೀಸಿನಲ್ಲಿ ನಾನೊಬ್ಬಳೇ.

ತಂಗಿ ಬಂದಳು. ನಾಲ್ಕು ತಿಂಗಳ ಮೇಲೆ. ತೆಳ್ಳಗಾಗಿದ್ದಾಳೆ. ಮೇಜಿನ ಮೇಲೆ ಒಂದು ಕವರು ಇಟ್ಟಳು. ದಪ್ಪಗಿದೆ.

"ಗುಮಾಸ್ತರು ನಾಳೆ ಬರ್ತಾರಂತೆ. ಅವ್ರ ಕೈಗೆ ಕೊಡು, ನಂಬರ್ ಹಾಕ್ಲಿ."

"ಆಯ್ತು. ಇದೂ ಏಕವ್ಯಕ್ತಿನಾ?"

"ಅಲ್ಲ. ಇಬ್ಬರು. ಅಕ್ಕ, ತಂಗಿ." ಏಕವ್ಯಕ್ತಿಯಲ್ಲದಿದ್ದರೆ ಅದು ನನ್ನ ಪಾಲಿಗೆ. "ಮೇಷ್ಟ್ರು ಓದ್ಲಿ. ನೀನು ಓದ್ಬೇಡ."

"ಇಲ್ಲ, ಓದಲ್ಲ."

"ಆಣೆ?"

"ಆಣೆ."

ಟೀ ಕುಡಿಯುತ್ತೀಯಾ ಎಂದು ಕೇಳಿದೆ. ಕುಡಿದಳು. ಒಳ್ಳೆಯ ಟೀ ಎಂದಳು. ಹೋದಳು.

೪.೪೦

ಕವರನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದೆ.

೪.೫೫

ಬೀಗದ ಕೈ ನನ್ನ ಹತ್ತಿರವೇ ಇರುವುದು. ಕವರು ಮತ್ತೆ ಮೇಜಿನ ಮೇಲಿದೆ. ಗೋಂದು ಅರ್ಧಕ್ಕೇ ಅಂಟಿದೆ, ಅವಸರದಲ್ಲಿ ಅಂಟಿಸಿದ್ದಾಳೆ. ಅಕ್ಕನ ಮಾತುಗಳನ್ನು ಹೇಗೆ ಬರೆದಿದ್ದಾಳೋ. ಚೆನ್ನಾಗಿಲ್ಲದಿದ್ದರೆ ನೆಮ್ಮದಿ. ಚೆನ್ನಾಗಿದ್ದರೆ...

ಮೊದಲ ಪುಟ ಮಾತ್ರ. ಮೊದಲ ಮಾತು ಯಾರದು ಎಂದು ನೋಡಿ, ಹಾಗೇ ಅಂಟಿಸಿಬಿಡುತ್ತೇನೆ.