ಸಪಾದದ ದೊನ್ನೆ

17 ಸೆಪ್ಟೆಂಬರ್ 2012, ಸೋಮವಾರ

ಹಾಲು ಉಕ್ಕಿ ಗ್ಯಾಸ್ ಕಟ್ಟೆಯೆಲ್ಲ ರಾಡಿ. ಒರೆಸುತ್ತಿರುವಾಗಲೇ ಬೆಲ್. ಡೊಂಬಿವಲಿಯ ಜಯಲತಾ, ಜೊತೆಗೆ ಅವಳ ಬೊಳ್ಳ. ಕರುವಿನಷ್ಟು ದೊಡ್ಡ ಲ್ಯಾಬ್ರಡಾರ್. ಒಂದು ವಾರ ಅವನು ನಮ್ಮಲ್ಲಿ. ಗಂಡ ಶಂಭುವಿನ ವರ್ಷದ ಕಾರ್ಯಕ್ಕೆ ಕಾರ್ಕಳಕ್ಕೆ ಹೊರಟಿದ್ದಾಳೆ.

“ಅನಸೂಯಕ್ಕಾ, ಅವರು ಹೋದ ಮೇಲೆ ಮನೆಯಲ್ಲಿ ನನಗೆ ಮಾತಾಡ್ಲಿಕ್ಕೆ ಅಂತ ಇರುವುದು ಇವನೊಬ್ಬನೇ” ಎಂದಳು.

ಆಗಲೇ ಹೆದರಿಕೆ ಶುರು. ಬೇರೆಯವರ ಜೀವ, ನನ್ನ ಕೈಲಿ.

ನಮ್ಮ ನಾಯಿ ಪುಟ್ಟಿಗೆ ಹನ್ನೊಂದು ವರ್ಷ, ಮುದುಕಿ. ಅವನನ್ನು ನೋಡಿ ಮಂಚದ ಕೆಳಗೆ ಸೇರಿದಳು. ಕೊಟ್ಟ ಚಪಾತಿಯನ್ನು ಯಥಾಪ್ರಕಾರ ಚಪ್ಪಲಿ ಸ್ಟ್ಯಾಂಡಿನ ಹಿಂದೆ ಬಚ್ಚಿಟ್ಟು ಬಂದಳು.

20, ಗುರುವಾರ, ಸಂಜೆ

ನಮ್ಮ ಬಿಲ್ಡಿಂಗ್ ಸೊಸೈಟಿಯ ಗಣಪತಿಗೆ ಇವತ್ತು ಸತ್ಯನಾರಾಯಣ ಪೂಜೆ. ಪ್ರಸಾದದ ಸಪಾದ ನಾನೇ ಮಾಡಿದ್ದು. ರವೆ, ತುಪ್ಪ, ಕೈತುಂಬ ಒಣದ್ರಾಕ್ಷಿ — ಮೈಸೂರಿನವಳ ಕೈ ಬಿಗಿ ಅಂತ ಯಾರೂ ಆಡಿಕೊಳ್ಳಬಾರದು ನೋಡಿ. ಜನ ಬರಲಿಲ್ಲ. ಅರ್ಧ ಪಾತ್ರೆ ಉಳಿಯಿತು.

ಪ್ರಸಾದ ಕಸದ ಡಬ್ಬಕ್ಕೆ ಹಾಕುವ ಹಾಗಿಲ್ಲ. ಮೈಸೂರಿನಲ್ಲಾದರೆ ಹಸುವಿಗೆ ಇಡುತ್ತಿದ್ದೆವು. ವರ್ತಕ ನಗರದ ನಾಲ್ಕನೇ ಮಹಡಿಗೆ ಹಸು ಎಲ್ಲಿಂದ ತರಲಿ? ಎರಡು ದೊನ್ನೆ ತುಂಬಿಸಿ ಇಬ್ಬರಿಗೂ ಇಟ್ಟೆ. ಬೊಳ್ಳ ಮೂರು ಸಲ ಹಾಕಿಸಿಕೊಂಡ. ಪುಟ್ಟಿ ಮೂಸಿ, ಮುಖ ತಿರುಗಿಸಿದಳು. ಜಂಬ. ಆಮೇಲೆ ನೋಡಿದರೆ ಅವಳ ದೊನ್ನೆಯೂ ಇಲ್ಲ. ಆ ಹೊಟ್ಟೆಬಾಕ ದೊನ್ನೆ ಸಮೇತ ನುಂಗಿರಬೇಕು.

21, ಶುಕ್ರವಾರ

ಬೊಳ್ಳ ಬೆಳಿಗ್ಗೆಯಿಂದ ನಾಲ್ಕು ಸಲ ಕಕ್ಕಿದ. ಬಾತ್‌ರೂಮಿನಲ್ಲೂ ಒಂದು ಸಲ. ಎದ್ದು ನಿಲ್ಲುತ್ತಿಲ್ಲ. ರಿಕ್ಷಾದಲ್ಲಿ ಡಾಕ್ಟರ ಹತ್ತಿರ.

“ಕಿಶ್‌ಮಿಶ್? ಕುತ್ತೇ ಕೇ ಲಿಯೇ ಜಹರ್ ಹೈ, ಮ್ಯಾಡಂ.”

ನಾಯಿಗೆ ದ್ರಾಕ್ಷಿ ವಿಷವಂತೆ. ಕಿಡ್ನಿ ಹೋಗಬಹುದಂತೆ. ತಕ್ಷಣ ಡ್ರಿಪ್. ಮೂರು ದಿನ ಉಚ್ಚೆ ಹೊಯ್ಯುತ್ತಾನಾ ನೋಡುತ್ತಿರಿ, ಅದು ನಿಂತರೆ ಆಸೆ ಇಲ್ಲ ಎಂದರು. ಇನ್ನೊಂದು ನಾಯಿ ತಿಂದಿದೆಯಾ ಎಂದೂ ಕೇಳಿದರು. ಇಲ್ಲ, ಅವಳು ಮುಟ್ಟಲೂ ಇಲ್ಲ ಎಂದೆ.

ದೇವರ ಪ್ರಸಾದ ಕೊಟ್ಟು ಕೊಂದವಳು ಅನ್ನಿಸಿಕೊಳ್ಳುತ್ತೇನಾ?

22, ಶನಿವಾರ

ಮತ್ತೆ ಡ್ರಿಪ್. ಇಡೀ ದಿನ ಅವನ ಹಿಂದೆಯೇ. ಉಚ್ಚೆ ಇಲ್ಲ. ಜಯಲತಾ ಫೋನ್ — “ಊಟ ಮಾಡಿದನಾ ಅಕ್ಕಾ? ಫೋನ್ ಅವನ ಕಿವಿಗೆ ಹಿಡೀರಿ.” ಹಿಡಿದೆ. ಬಾಲ ಸ್ವಲ್ಪ ಅಲ್ಲಾಡಿಸಿದ. ಚೆನ್ನಾಗಿದ್ದಾನೆ ಎಂದು ಸುಳ್ಳು ಹೇಳಿದೆ. ಆಮೇಲೆ ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ.

ಪುಟ್ಟಿ ಮಂಚದ ಕೆಳಗಿಂದ ಬರಲೇ ಇಲ್ಲ. ಅನ್ನ ಹಾಗೇ ಇದೆ. ಹೊಟ್ಟೆಕಿಚ್ಚು. ಇರಲಿ, ಆಮೇಲೆ ರಮಿಸೋಣ.

23, ಭಾನುವಾರ, ಬೆಳಿಗ್ಗೆ 7

ಹೊಯ್ದ! ಸೋಫಾದ ಕಾಲಿಗೆ, ಧಾರಾಳವಾಗಿ. ಒರೆಸುತ್ತಾ ನಕ್ಕೆ. ಹಾಲು ಕುಡಿದ. ದೇವರು ದೊಡ್ಡವನು.

ಮಧ್ಯಾಹ್ನ 3

ಐದು ದಿನದ ಗಣಪತಿ ವಿಸರ್ಜನೆ. ರಸ್ತೆ ತುಂಬ ಢೋಲು. ಒಂದೂ ರಿಕ್ಷಾ ಇಲ್ಲ. ಡಾಕ್ಟರು ಫೋನ್ ಎತ್ತುತ್ತಿಲ್ಲ. ನಮ್ಮ ಯಜಮಾನರು ಕೆಳಗೆ ಓಡಿದ್ದಾರೆ, ಯಾರದಾದರೂ ಕಾರು ಸಿಗುತ್ತಾ ನೋಡಲು.

ಊಟವಾದ ಮೇಲೆ ಇಬ್ಬರನ್ನೂ ಕೆಳಗೆ ಸುತ್ತಾಡಿಸೋಣವೆಂದು ಪುಟ್ಟಿಯ ಬೆಲ್ಟ್ ಹುಡುಕಿದೆ. ಚಪ್ಪಲಿ ಸ್ಟ್ಯಾಂಡಿನ ಹಿಂದೆ ಕೈ ಹಾಕಿದರೆ ದೊನ್ನೆ ಸಿಕ್ಕಿತು. ನೆಕ್ಕಿ ನೆಕ್ಕಿ ಚೊಕ್ಕ.

ಮಂಚದ ಕೆಳಗಿಂದ ಎಳೆದು ತಂದೆ. ನಿಲ್ಲಲು ಆಗುತ್ತಿಲ್ಲ ಅವಳಿಗೆ. ಬಾಯಿ ವಾಸನೆ. ಬಾತ್‌ರೂಮಿನಲ್ಲಿ ಕಕ್ಕಿದ್ದು ಬೊಳ್ಳ ಅಲ್ಲ.

ಪುಟ್ಟಿ ಕಡೆಯ ಸಲ ಉಚ್ಚೆ ಹೊಯ್ದದ್ದು ಯಾವಾಗ ಅಂತ ಇವರನ್ನು ಕೇಳಿದ್ದೆ. “ನೀನೇ ಕರ್ಕೊಂಡು ಹೋಗ್ತಿದ್ದೆ ಅಲ್ವೇನೇ?” ಅಂದರು. ಇವರೇ ಕರೆದುಕೊಂಡು ಹೋಗುತ್ತಿದ್ದಾರೆ ಅಂತ ನಾನು ಅಂದುಕೊಂಡಿದ್ದೆ.

ಶನಿವಾರ ಇಲ್ಲ. ಶುಕ್ರವಾರ... ಶುಕ್ರವಾರ ಬೆಳಿಗ್ಗೆ ನಾನು ಬೊಳ್ಳನನ್ನು ಮಾತ್ರ —