ಕರ್ಚೀಫು ಹಾಸಿದ ಸೀಟು ಯಾರದು?

ಹಾವೇರಿ, ಫೆಬ್ರವರಿ ೩೧, ೨೪೧೭

ಮಾನ್ಯ ಪೂರ್ವಿಕರೇ,

ಮನುಕುಲದ ಇತಿಹಾಸವನ್ನೇ ಎರಡು ಹೋಳು ಮಾಡಬಲ್ಲ ಪ್ರಶ್ನೆಯೊಂದು ನಮ್ಮ ಕಾಲದ ಮುಂದೆ ಎದ್ದು ನಿಂತಿದೆಯೆಂದು ಈ ಮೂಲಕ ಘೋಷಿಸುತ್ತೇನೆ: ಬಂಡಿಯಲ್ಲಿ ಕರ್ಚೀಫು ಹಾಸಿಟ್ಟ ಸೀಟು ಯಾರದು? ನಗಬೇಡಿ. ನಾಳೆ ಬೆಳಿಗ್ಗೆ ತೀರ್ಪು. ನಾನು ಕೂತಲ್ಲಿ ಕೂರಲಾರದೆ ಒದ್ದಾಡುತ್ತಿದ್ದೇನೆ.

ತಾರೀಖು ನೋಡಿ ಗಾಬರಿಯಾಗಬೇಡಿ. ಕಚೇರಿ ಕೆಲಸ ಮುಗಿಯುತ್ತಿಲ್ಲವೆಂದು ಫೆಬ್ರವರಿಗೆ ಒಂದಷ್ಟು ದಿನ ಸೇರಿಸಿಕೊಂಡೆವು. ಕೆಲಸ ಈಗಲೂ ಮುಗಿಯುವುದಿಲ್ಲ. ನನ್ನ ಮಾತು ವಿಚಿತ್ರವೆನಿಸಿದರೂ ಕ್ಷಮೆಯಿರಲಿ. ಹಳೆಯ ಪದಗಳ ಅರ್ಥ ಹೇಳುವುದು ನನ್ನ ನೌಕರಿ. ಹುದ್ದೆಗೆ ಪದಪಾಲಕ ಎಂಬ ಗಂಭೀರ ಹೆಸರಿದೆ, ಕೆಲಸಕ್ಕೆ ಆ ಗಾಂಭೀರ್ಯವಿಲ್ಲ.

ನಮ್ಮಲ್ಲಿ ಬಂಡಿಯೊಳಗೂ ಕುರ್ಚಿಗಳಿಲ್ಲ, ಉಬ್ಬುನೆಲವಿದೆ. ಅಂದರೆ, ಭಾರ ಬಿದ್ದಲ್ಲಿ ಉಬ್ಬಿ ಬಂದು ಕೂರಿಸಿಕೊಳ್ಳುವ, ಭಾರ ಎದ್ದೊಡನೆ ಸಪಾಟಾಗುವ ನೆಲ. ಶಾಸಕರು ಎದ್ದರೆ ಪೀಠ ಮಾಯ. ಆದ್ದರಿಂದ ಈಗ ಯಾರೂ ಎದ್ದು ಮಾತಾಡುವುದಿಲ್ಲ. ಮದುವೆ ಊಟದಲ್ಲಿ ಮುಂದಿನ ಪಂಕ್ತಿಗೆ ಕಾದು ನಿಂತವರ ಅಡಿಯಲ್ಲೂ ನೆಲ ಉಬ್ಬಿ, ಉಣ್ಣುವವರ ಎಲೆಯನ್ನು ಎತ್ತರದಿಂದ ನೋಡುವ ಸೌಕರ್ಯ ಒದಗಿಸುತ್ತದೆ. ಇಂಥ ನೆಲದ ಮೇಲೆ ಬಾರದವರಿಗಾಗಿ ಜಾಗ ಹಿಡಿಯುವುದು ಸಾಧ್ಯವಿಲ್ಲವೆಂದೇ ನಂಬಿದ್ದೆವು.

ನನ್ನ ಸೋದರತ್ತೆ ನೀಲಗಂಗವ್ವ ನಂಬಲಿಲ್ಲ. ಆಕೆಯ ಗೆಳತಿ ಖೈರುನ್‌ಬಿ ಇರುವುದು ಸವಣೂರಿನಲ್ಲಿ. ಪ್ರತಿ ಶುಕ್ರವಾರ ಅತ್ತೆ ಇಲ್ಲಿ ಬಂಡಿ, ಅಂದರೆ ನಮ್ಮ ಕಾಲದ ಬಸ್ಸು, ಹತ್ತುತ್ತಾಳೆ, ಗೆಳತಿ ಅಲ್ಲಿ ಹತ್ತುತ್ತಾಳೆ, ಲಕ್ಷ್ಮೇಶ್ವರದವರೆಗೆ ಮಾತಾಡಿ ವಾಪಸಾಗುತ್ತಾರೆ. ಲಕ್ಷ್ಮೇಶ್ವರದಲ್ಲಿ ಇಬ್ಬರಿಗೂ ಏನೂ ಕೆಲಸವಿಲ್ಲ. ಹೋದ ವಾರ ಅತ್ತೆ ಪಕ್ಕದಲ್ಲಿ ರೊಟ್ಟಿ ಬುಟ್ಟಿ ಇಟ್ಟು, ಅದರ ಭಾರಕ್ಕೆ ಉಬ್ಬಿದ ನೆಲದ ಮೇಲೆ ಕರ್ಚೀಫು ಹಾಸಿದಳು. ಸುಧನ್ವ ಎಂಬ ಅಧಿಕಾರಿಯೊಬ್ಬರು ಬುಟ್ಟಿ ಸರಿಸಿ ಕೂತುಬಿಟ್ಟರು.

"ಏಳೋ ಯಪ್ಪಾ, ಅಲ್ಲಿ ನಮ್ಮ ಖೈರುನ್‌ಬಿ ಕುಂತಾಳ!"

"ಎಲ್ಲಿದ್ದಾರ್ರೀ? ಯಾರೂ ಇಲ್ವಲ್ಲ?"

"ಸವಣೂರಾಗ ಹತ್ತತಾಳ! ಕರ್ಚೀಪ್ ಕಾಣಾಂಗಿಲ್ಲೇನ ನಿನಗ? ಕಣ್ಣೂ ಮನ್ಯಾಗ ಬಿಟ್ಟು ಬಂದೀ ಏನ?"

ಇಲ್ಲದವರನ್ನು ಕೂರಿಸಿದ್ದು, ಇದ್ದವರನ್ನು ಎಬ್ಬಿಸಿದ್ದು ಎಂದು ಅತ್ತೆಯ ಮೇಲೆ ದೂರು ಬಿತ್ತು. ಸೋತರೆ ವರ್ಷವಿಡೀ ಬಂಡಿ ಹತ್ತುವಂತಿಲ್ಲ. ಖೈರುನ್‌ಬಿಗೆ ಎಂಬತ್ತು ದಾಟಿದೆ. ಈ ವಯಸ್ಸಿನಲ್ಲಿ ಒಂದು ವರ್ಷವೆಂದರೆ ಸಣ್ಣದಲ್ಲ. ಅತ್ತೆ ಅಂಗಳದಲ್ಲಿ ಅತ್ತಿಂದಿತ್ತ ತಿರುಗುತ್ತಾಳೆ, ನನ್ನನ್ನು ಕಂಡಾಗಲೆಲ್ಲ "ಓದಿದ್ದೆಲ್ಲಾ ಎದಕ ಬಂತೋ?" ಎನ್ನುತ್ತಾಳೆ.

ಓದಿದ್ದನ್ನೆಲ್ಲ ದೂರು ವಿಚಾರಿಸುವ ಪಂಚರ ಮುಂದೆ ಸುರಿದೆ. ಸೀಟು ಎಂಬ ಪದವನ್ನು ಇಂಗ್ಲಿಷರು ಪಡೆದದ್ದು ಉತ್ತರದ ಕಡಲಿನಿಂದ ಬಂದ ದೋಣಿಯವರಿಂದ. ಬಂದವರು ಕೂರುವ ಉದ್ದೇಶದಿಂದಲೇ ಬಂದಿದ್ದರೆಂದು ಕಾಣುತ್ತದೆ. ಇನ್ನೂ ಕೆಳಗೆ ಅಗೆದರೆ ಅದು ನಮ್ಮ ಸದನ, ಸದಸ್ಯ ಎಂಬವುಗಳ ದಾಯಾದಿ, ಹೀಗಾಗಿ ಸೀಟಿಗಾಗಿ ಸದಸ್ಯರು ಬಡಿದಾಡಿದ್ದು ಮನೆಯೊಳಗಿನ ಜಗಳ. ಇಂಗ್ಲಿಷರು ಜಮೀನ್ದಾರನ ಬಂಗಲೆಗೂ, ಕುದುರೆಯ ಮೇಲೆ ಕೂರುವ ಠೀವಿಗೂ, ಪ್ಯಾಂಟು ಮೊದಲು ಸವೆಯುವ ಜಾಗಕ್ಕೂ ಅದೇ ಪದ ಬಳಸಿದರು. ನೀವು ಅದನ್ನು ಬಸ್ಸಿಗೆ, ಮೆಡಿಕಲ್ ಕಾಲೇಜಿಗೆ, ಚುನಾವಣೆಗೆ ಹಾಕಿಕೊಂಡಿರಿ. ಕೊನೆಗೆ ನಿಮ್ಮ ಕಚೇರಿಗಳ ಆ ಅಮೃತವಾಕ್ಯ ಸಿಕ್ಕಿತು: "ಸಾಹೇಬ್ರು ಸೀಟಿನಾಗಿಲ್ಲ." ಸಾಹೇಬರಿಲ್ಲ, ಸೀಟಿದೆ, ಅದು ಸಾಹೇಬರದೇ! ಮನುಷ್ಯನಿಲ್ಲದಾಗಲೂ ಅವನದಾಗಿ ಉಳಿಯುವ ಜಾಗವೇ ಸೀಟು ಎಂದು ವಾದಿಸಿ ಗೆದ್ದೇಬಿಟ್ಟೆನೆಂದುಕೊಂಡೆ.

ಹಿರಿಯ ಪಂಚರು ಗಡ್ಡ ಕೆರೆದುಕೊಂಡರು. "ಖರೆ ಐತಿ ತಮ್ಮಾ. ಆದ್ರ ಸಾಹೇಬ ಒಮ್ಮೆರ ಕುಂತಿದ್ದ. ಈಕಿ ಇನ್ನೂ ಬಂಡೀನ ಹತ್ತಿದ್ದಿಲ್ಲಲ್ಲ?"

ನನ್ನ ಪದಕೋಶ ಅಲ್ಲಿಗೆ ಮುಗಿಯಿತು. ಇನ್ನು ನಿಮ್ಮ ಸಾಕ್ಷಿಯೊಂದೇ ಗತಿ. ಮುಂದಿನ ಸ್ಟಾಪಿನಲ್ಲಿ ಹತ್ತುವ ಗೆಳತಿಗಾಗಿ ಮುದುಕಿಯೊಬ್ಬಳು ಕರ್ಚೀಫು ಹಾಸಿದ್ದರೆ, ನೀವು ನಿಂತೇ ಹೋಗುತ್ತಿದ್ದಿರಲ್ಲವೇ? ಉತ್ತರವನ್ನು ಕಾಗದದಲ್ಲಿ ಬರೆಯಬೇಡಿ, ಗೆದ್ದಲಿನ ಪಾಲಾಗುತ್ತದೆ. ನಿಮ್ಮ ಕಾಲದ ಕೈಬರಹವೆಂದು ನಮ್ಮವರೆಗೆ ಅಳಿಯದೆ ಬಂದಿರುವುದು ಬಸ್ ಸೀಟಿನ ಬೆನ್ನಿನ ತಗಡಿನಲ್ಲಿ ಪ್ರೇಮಿಗಳು ಗೀರಿದ ಹೆಸರುಗಳು ಮಾತ್ರ. ಆದ್ದರಿಂದ ದಯವಿಟ್ಟು ನಾಳೆ ಬಸ್ಸು ಹತ್ತಿದಾಗ, ಆ ಹೆಸರುಗಳ ಪಕ್ಕ ಸ್ವಲ್ಪ ಜಾಗ ನೋಡಿ, "ಹೌದು, ನಿಂತೇ ಹೋಗುತ್ತಿದ್ದೆವು" ಎಂದು ಆಳವಾಗಿ ಗೀರಿಬಿಡಿ. ಪೆನ್ನು ಬೇಡ, ಬೀಗದ ಕೈ ಬಳಸಿ. ಕಂಡಕ್ಟರು ಹಿಂದಿನ ಬಾಗಿಲಲ್ಲಿ ಟಿಕೆಟು ಕೊಡುತ್ತಿರುವಾಗ.